ನೆಲವೇ ಡೊಂಕಾಗಿದ್ದರೆ?



"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂಬ ಗಾದೆ ನಮಗೆಲ್ಲ ಗೊತ್ತೇ ಇದೆ. ಕೈಲಾಗದ್ದಕ್ಕೆ ನೆಪ ಹುಡುಕುವವರನ್ನು ಕಂಡಾಗ ನಮ್ಮ ಅಜ್ಜಿಯರ ಬಾಯಿಂದ ತಟ್ಟನೆ ಬರುತ್ತಿದ್ದ ಮಾತು ಅದು. ಆದರೆ ಕಂಪ್ಯೂಟರಿನ ಮುಂದೆ ಕೂತವರನ್ನು ಸ್ವಲ್ಪ ಗಮನಿಸಿ ನೋಡಿ, ಅಲ್ಲಿ ಈ ಗಾದೆ ತಲೆಕೆಳಗಾಗಿರುತ್ತದೆ. ಟಿಕೆಟ್ ಯಂತ್ರ ಅರ್ಧಕ್ಕೇ ನಿಂತರೂ, ಬ್ಯಾಂಕಿನ ವೆಬ್‌ಸೈಟು ಮೂರನೇ ಸಲ ಪಾಸ್‌ವರ್ಡ್ ಕೇಳಿದರೂ ಜನ ನೆಲವನ್ನು ಬೈಯುವುದಿಲ್ಲ. "ನಂಗೆ ಇದೆಲ್ಲ ಬರೋಲ್ಲಪ್ಪ, ವಯಸ್ಸಾಯ್ತು" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ನೆಲ ನಿಜಕ್ಕೂ ಡೊಂಕಾಗಿರುವಾಗಲೂ!

ಈ ಡೊಂಕು ಎಲ್ಲಿದೆ ಎಂದು ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡವರು ನಮ್ಮ ಸಾಫ್ಟ್‌ವೇರ್ ಪ್ರಪಂಚದಲ್ಲಿ ಇದ್ದಾರೆ. ಯೂಸರ್ ಎಕ್ಸ್‌ಪೀರಿಯೆನ್ಸ್ ರಿಸರ್ಚರ್ ಎಂಬುದು ಅವರ ಉದ್ದನೆಯ ಹೆಸರು. ಕನ್ನಡದಲ್ಲಿ "ಬಳಕೆದಾರರ ಅನುಭವದ ಸಂಶೋಧಕರು" ಎನ್ನಬಹುದೇನೋ. ನಾನು ಆ ಪೈಕಿಯವನಲ್ಲ. ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ಕೋಡ್ ಬರೆದು, ಈಗ ಇಲ್ಲಿ ಬ್ರಿಟನ್ನಿನಲ್ಲಿ ಅದನ್ನೇ ಮುಂದುವರಿಸಿರುವ ಒಬ್ಬ ಸಾಧಾರಣ ಎಂಜಿನಿಯರು. ಆದರೆ ಕೆಲವು ವರ್ಷಗಳಿಂದ ನಮ್ಮ ತಂಡದಲ್ಲಿ ಒಬ್ಬ ಸಂಶೋಧಕಿ ಇದ್ದಾರೆ. ಅವರು ಜನರೊಡನೆ ಮಾತಾಡುವಾಗ ಮೂಲೆಯಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ಹಾಗೆ ಕಂಡದ್ದನ್ನು, ಓದಿ ತಿಳಿದದ್ದನ್ನು ನಿಮ್ಮೊಡನೆ ಹಂಚಿಕೊಳ್ಳೋಣ ಎನಿಸಿತು. ನಮ್ಮ ಸಂಘದಲ್ಲಿ ಅರ್ಧಕ್ಕರ್ಧ ಜನ ಐಟಿಯವರೇ ಅಲ್ಲವೇ? ಇನ್ನರ್ಧ ಜನ ನಾವು ಬರೆದ ಸಾಫ್ಟ್‌ವೇರಿನ ಜೊತೆ ಗುದ್ದಾಡುವವರು!

ಒಂದು ಚಕ್ರ, ಒಂದು ರೆಕ್ಕೆ

ಹೆಸರು ಹೊಸದಾದರೂ ಈ ವಿದ್ಯೆ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಲ್ಲಿ ಒಂದು ವಿಚಿತ್ರ ತೊಂದರೆ ಕಾಣಿಸಿಕೊಂಡಿತು. ವಿಮಾನ ಸುರಕ್ಷಿತವಾಗಿ ಇಳಿದು ರನ್‌ವೇ ಮೇಲೆ ಓಡುತ್ತಿರುವಾಗ, ಪೈಲಟ್ ರೆಕ್ಕೆಯ ಫ್ಲಾಪುಗಳನ್ನು ಮೇಲಕ್ಕೆಳೆಯುವ ಬದಲು ಚಕ್ರಗಳನ್ನೇ ಒಳಕ್ಕೆಳೆದುಬಿಡುತ್ತಿದ್ದ. ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಪ್ರತಿ ಸಲವೂ "ಪೈಲಟ್‌ನ ತಪ್ಪು" ಎಂದು ಷರಾ ಬರೆದು ಕಡತ ಮುಚ್ಚುತ್ತಿದ್ದರು.

ವಾಯುಪಡೆಯಲ್ಲಿದ್ದ ಆಲ್ಫೋನ್ಸ್ ಚಪಾನಿಸ್ ಎಂಬ ಯುವ ಮನಶ್ಶಾಸ್ತ್ರಜ್ಞ 1943ರ ಸುಮಾರಿಗೆ ಕೇಳಿಕೊಂಡದ್ದು ಒಂದೇ ಪ್ರಶ್ನೆ. ಸಿ-47 ವಿಮಾನದ ಪೈಲಟ್‌ಗಳು ಯಾಕೆ ಈ ತಪ್ಪು ಮಾಡುತ್ತಿಲ್ಲ? ಕಾಕ್‌ಪಿಟ್‌ಗೆ ಹೋಗಿ ನೋಡಿದರೆ ಉತ್ತರ ಕಣ್ಣೆದುರಿಗೇ ಇತ್ತು. ಬಿ-17ರಲ್ಲಿ ಚಕ್ರದ ಸ್ವಿಚ್ಚು, ಫ್ಲಾಪಿನ ಸ್ವಿಚ್ಚು ಎರಡೂ ಅಕ್ಕಪಕ್ಕದಲ್ಲಿದ್ದವು, ನೋಡಲು ಮುಟ್ಟಲು ಒಂದೇ ತರಹ. ಸಿ-47ರಲ್ಲಿ ಹಾಗಿರಲಿಲ್ಲ. ಚಪಾನಿಸ್ ಒಂದರ ತುದಿಗೆ ಪುಟ್ಟ ರಬ್ಬರ್ ಚಕ್ರವನ್ನೂ ಇನ್ನೊಂದಕ್ಕೆ ರೆಕ್ಕೆಯ ಫ್ಲಾಪಿನಂಥ ಚಪ್ಪಟೆ ತುಂಡನ್ನೂ ಅಂಟಿಸಿದರು. ಕತ್ತಲಲ್ಲೂ ಕೈಗೆ ಗೊತ್ತಾಗುವಂತೆ. ತಪ್ಪು ನಿಂತಿತು. ಇವತ್ತಿಗೂ ಅಮೆರಿಕದ ವಿಮಾನ ನಿಯಮಾವಳಿಯಲ್ಲಿ ಈ ಎರಡು ಹಿಡಿಗಳ ಆಕಾರ ಹೇಗಿರಬೇಕೆಂಬ ನಿಯಮ ಇದೆ. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥದೇ 460 "ಪೈಲಟ್ ತಪ್ಪು"ಗಳ ವಿವರ ಸಂಗ್ರಹಿಸಿ ವಿಂಗಡಿಸಿದರು. ತಪ್ಪುಗಳಿಗೆ ಒಂದು ಕ್ರಮ ಇದೆ ಎಂದಾದರೆ ಅವು ಬರೀ ಮನುಷ್ಯರ ಅಜಾಗರೂಕತೆ ಆಗಿರಲಾರವು ಎಂಬ ತಿಳಿವು ಬೆಳೆದದ್ದು ಹೀಗೆ.

ಡಾನ್ ನಾರ್ಮನ್ ಎಂಬವರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮೂಲತಃ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ ಆಮೇಲೆ ಮನಶ್ಶಾಸ್ತ್ರಕ್ಕೆ ಹೋದವರು. 1979ರ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತದ ನಂತರ ನಿಯಂತ್ರಣ ಕೊಠಡಿಯ ನಿರ್ವಾಹಕರು ಯಾಕೆ ತಪ್ಪಿದರು ಎಂಬುದನ್ನು ಪರಿಶೀಲಿಸಿದವರಲ್ಲಿ ಒಬ್ಬರು. 1993ರಲ್ಲಿ ಆಪಲ್ ಕಂಪನಿ ಸೇರಿದಾಗ ತಮ್ಮ ಹುದ್ದೆಯ ಹೆಸರಿನಲ್ಲೇ "ಯೂಸರ್ ಎಕ್ಸ್‌ಪೀರಿಯೆನ್ಸ್" ಎಂಬ ಪದ ಇಟ್ಟುಕೊಂಡರು. ಆ ಪದ ಈಗ ಜಗತ್ತಿಡೀ ಹಬ್ಬಿದೆ.

ದುಡ್ಡು ಕೊಡುವವರು ಬೇರೆ, ಬಳಸುವವರು ಬೇರೆ

ಸಂಶೋಧಕಿಯ ಕೆಲಸ ಶುರುವಾಗುವುದು ಬಳಕೆದಾರರಿಂದಲ್ಲ, ಕ್ಲಯಂಟ್‌ನಿಂದ. ಕ್ಲಯಂಟ್ ಅಂದರೆ ಕೆಲಸ ಮಾಡಿಸುವವರು, ದುಡ್ಡು ಕೊಡುವವರು. ಅವರು ಬರುವಾಗಲೇ ಪರಿಹಾರವನ್ನು ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ. "ನಮಗೊಂದು ಆ್ಯಪ್ ಬೇಕು", "ಬಟನ್ ದೊಡ್ಡದು ಮಾಡಿ"... ಡಾಕ್ಟರ ಹತ್ತಿರ ಹೋಗಿ "ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಅನ್ನುವ ಹಾಗೆ. ಒಳ್ಳೆಯ ಡಾಕ್ಟರು ಇಂಜೆಕ್ಷನ್ ಕೊಡುವ ಮೊದಲು ನಾಲಿಗೆ ತೋರಿಸಿ ಅನ್ನುತ್ತಾರೆ.

ನಮ್ಮ ತಂಡಕ್ಕೆ ಬಂದ ಒಂದು ಕೆಲಸದ ಉದಾಹರಣೆ ಕೊಡುತ್ತೇನೆ. ಚಿಕಿತ್ಸಾಲಯಗಳನ್ನು ನಡೆಸುವ ಒಂದು ಸಂಸ್ಥೆ. ಹೆಸರು ಬೇಡ. ಅವರ ಹಳೆಯ ಆನ್‌ಲೈನ್ ಬುಕಿಂಗ್ ವ್ಯವಸ್ಥೆಯನ್ನು ನಾವು ವಹಿಸಿಕೊಂಡಿದ್ದೆವು. ವಯಸ್ಸಾದ ರೋಗಿಗಳು ಆನ್‌ಲೈನ್‌ನಲ್ಲಿ ಬುಕ್ ಮಾಡದೆ ಫೋನೇ ಮಾಡುತ್ತಾರೆ, ಅವರಿಗೆ ಕಂಪ್ಯೂಟರ್ ಬರುವುದಿಲ್ಲ, ಆದ್ದರಿಂದ ಅಕ್ಷರ ದೊಡ್ಡದು ಮಾಡಿ, ಒಂದು ಸಹಾಯದ ವೀಡಿಯೋ ಹಾಕಿ ಎಂಬುದು ಅವರ ಬೇಡಿಕೆ. ನಮ್ಮ ಸಂಶೋಧಕಿ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ನಾಲ್ಕು ಪ್ರಶ್ನೆ ಕೇಳಿದರು. ಇದು ನಿಮಗೆ ಹೇಗೆ ಗೊತ್ತಾಯಿತು? ಕೊನೆಯ ಸಲ ಹೀಗಾದಾಗ ನಡೆದದ್ದೇನು? ಇದು ಸರಿಹೋಯಿತು ಎಂದು ನಿಮಗೆ ಹೇಗೆ ತಿಳಿಯುತ್ತದೆ? ಇದನ್ನು ದಿನಾ ಅನುಭವಿಸುವವರು ನಿಮ್ಮಲ್ಲಿ ಯಾರು?

ನಾಲ್ಕನೇ ಪ್ರಶ್ನೆಗೆ ಸಿಕ್ಕ ಉತ್ತರ, ರಿಸೆಪ್ಷನ್ನಿನಲ್ಲಿ ಕೂರುವ ಹೆಂಗಸು. ಅಲ್ಲಿಯವರೆಗೆ ಯಾವ ಮೀಟಿಂಗಿಗೂ ಅವರನ್ನು ಯಾರೂ ಕರೆದಿರಲಿಲ್ಲ! ಸಂಶೋಧಕಿ ಎರಡು ದಿನ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತರು, ಜೊತೆಗೆ ನಾನೂ ಅರ್ಧ ದಿನ. ಮಾನಿಟರಿನ ಅಂಚಿಗೆ ಒಂದು ಹಳದಿ ಅಂಟುಚೀಟಿ ಇತ್ತು. ಅದರ ಮೇಲೆ ಕೆಲವು ಇಮೇಲ್ ವಿಳಾಸಗಳು, ಪಕ್ಕದಲ್ಲಿ 1, 2, 3 ಎಂಬ ಅಂಕಿಗಳು. ಏನಿದು ಎಂದು ಕೇಳಿದರೆ, "ಗಂಡ ಹೆಂಡತಿ ಇಬ್ಬರಿಗೂ ಮಗನ ಇಮೇಲೇ ಇರೋದು. ಒಂದು ಇಮೇಲ್ ಇಬ್ಬರಿಗೆ ಕೊಟ್ಟರೆ ಸಿಸ್ಟಮ್ ಒಪ್ಪಲ್ಲ. ಅದಕ್ಕೆ ನಾನೇ ಒಂದೊಂದು ಅಂಕಿ ಸೇರಿಸಿ ಹಾಕಿಬಿಡ್ತೀನಿ" ಎಂದರು.

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಆ ವೃದ್ಧರಿಗೆ ಅಕ್ಷರ ಕಾಣದೇ ಇದ್ದದ್ದು ತೊಂದರೆಯಲ್ಲ. ಅವರ ಪರವಾಗಿ ಮಗನೋ ಸೊಸೆಯೋ ಬುಕ್ ಮಾಡುತ್ತಿದ್ದರು, ಎರಡನೆಯವರ ಹೆಸರು ಹಾಕುವಾಗ "ಈ ಇಮೇಲ್ ಈಗಾಗಲೇ ಬಳಕೆಯಲ್ಲಿದೆ" ಎಂಬ ಕೆಂಪು ಅಕ್ಷರ ಬರುತ್ತಿತ್ತು. ಆಮೇಲೆ ಫೋನ್. ನಮ್ಮ ಅಪ್ಪ ಅಮ್ಮಂದಿರಿಗೂ ಹೀಗೇ ಅಲ್ಲವೇ, ಇಬ್ಬರ ಮಧ್ಯೆ ಒಂದು ಇಮೇಲು, ಅದರ ಪಾಸ್‌ವರ್ಡು ನಮ್ಮ ಹತ್ತಿರ! ಕೊನೆಗೆ ನಾನು ಮಾಡಿದ ಕೆಲಸ ಡೇಟಾಬೇಸಿನಲ್ಲಿ ಇಮೇಲ್ ಒಬ್ಬರಿಗೊಂದೇ ಇರಬೇಕೆಂಬ ನಿಯಮ ತೆಗೆದು, ಒಬ್ಬರ ಪರವಾಗಿ ಇನ್ನೊಬ್ಬರು ಬುಕ್ ಮಾಡುವ ಅನುಕೂಲ ಸೇರಿಸಿದ್ದು. ವೀಡಿಯೋ ಬೇಕಾಗಲೇ ಇಲ್ಲ. ಸಂಶೋಧಕರಿಗೆ ಇಂಥ ಅಂಟುಚೀಟಿಗಳೆಂದರೆ ನಿಧಿ ಸಿಕ್ಕಂತೆ. ಸಾಫ್ಟ್‌ವೇರ್ ಎಲ್ಲಿ ಕೈಕೊಟ್ಟಿತೋ ಅಲ್ಲೆಲ್ಲ ಜನ ತಾವೇ ಒಂದು ಚೀಟಿ ಅಂಟಿಸಿಕೊಂಡಿರುತ್ತಾರೆ.

ಬಳಕೆದಾರ ಯಾರು ಎಂಬ ಪ್ರಶ್ನೆಗೆ ನಮ್ಮ ಕರ್ನಾಟಕದಲ್ಲೇ ಒಂದು ಸೊಗಸಾದ ಉತ್ತರ ಇದೆ. ಕಂದಾಯ ಇಲಾಖೆಯ "ಭೂಮಿ" ಯೋಜನೆ ನಿಮಗೆ ನೆನಪಿರಬಹುದು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಜಮೀನಿನ ದಾಖಲೆಗಳನ್ನು ಗಣಕೀಕರಿಸಿ, 2001ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳ ಕಿಯೋಸ್ಕ್‌ಗಳಲ್ಲಿ 15 ರೂಪಾಯಿಗೆ ಪಹಣಿ ಕೊಡತೊಡಗಿದರು. ಅಲ್ಲಿ ಕೀಲಿಮಣೆ ಮುಟ್ಟುವವನು ಸರ್ಕಾರಿ ನೌಕರ, ಕಿಟಕಿಯ ಆಚೆ ನಿಂತವನು ರೈತ. ಆ ಕಿಯೋಸ್ಕ್‌ಗಳಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟಿದ್ದರು. ಒಳಗೆ ಏನು ನಡೆಯುತ್ತಿದೆ ಎಂಬುದು ಅವನಿಗೂ ಕಾಣಲಿ ಎಂದು. ಕೀಲಿಮಣೆ ಮುಟ್ಟದವನೂ ಬಳಕೆದಾರನೇ, ಜಮೀನು ಅವನದೇ ತಾನೇ!

ಬಾಯಿ ಕೇಳಬೇಡಿ, ಎಲೆ ನೋಡಿ

ಇನ್ನು ಬಳಕೆದಾರರನ್ನು ಮಾತಾಡಿಸುವ ಕಲೆ. "ನಮ್ಮ ವೆಬ್‌ಸೈಟ್ ಹೇಗಿದೆ?" ಎಂದು ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಅನ್ನುತ್ತಾರೆ. ಮನೆಗೆ ಊಟಕ್ಕೆ ಬಂದವರನ್ನು "ಸಾರು ಹೇಗಿದೆ?" ಎಂದು ಕೇಳಿ ನೋಡಿ, ಉಪ್ಪು ಹಾಕುವುದೇ ಮರೆತಿದ್ದರೂ "ಆಹಾ" ಎನ್ನುತ್ತಾರೆ. ನಿಜ ಗೊತ್ತಾಗಬೇಕಾದರೆ ಎಲೆ ನೋಡಬೇಕು. ಯಾವುದನ್ನು ಎರಡನೇ ಸಲ ಹಾಕಿಸಿಕೊಂಡರು, ಯಾವುದು ಎಲೆಯ ತುದಿಯಲ್ಲಿ ಹಾಗೇ ಉಳಿಯಿತು?

ಅದಕ್ಕೇ ನಮ್ಮ ಸಂಶೋಧಕಿ ಅಭಿಪ್ರಾಯ ಕೇಳುವುದು ಬಹಳ ಕಡಿಮೆ. "ಇದು ಬಂದರೆ ನೀವು ಬಳಸುತ್ತೀರಾ?" ಎಂದು ಕೇಳುವುದೇ ಇಲ್ಲ. ಮುಂದಿನ ವಿಷಯ ಯಾರು ಕಂಡವರು? ಹೊಸ ವರ್ಷಕ್ಕೆ ಜಿಮ್ ಸೇರುವ ನಾವೆಲ್ಲರೂ ದಿನಾ ಹೋಗುತ್ತೇವೆಂದೇ ಹೇಳುತ್ತೇವೆ. ಅವರು ಕೇಳುವುದು ನಡೆದುಹೋದದ್ದನ್ನು. "ಕೊನೆಯ ಸಲ ಬುಕ್ ಮಾಡಿದ್ದು ಯಾವಾಗ? ಎಲ್ಲಿ ಕೂತಿದ್ದಿರಿ? ಮೊದಲು ಏನು ಮಾಡಿದಿರಿ? ಆಮೇಲೆ?" ಈ "ಆಮೇಲೆ?" ಎಂಬ ಒಂದು ಪದದಿಂದ ಹೊರಬರುವಷ್ಟು ಮಾಹಿತಿ ಹತ್ತು ಪುಟದ ಪ್ರಶ್ನಾವಳಿಯಿಂದ ಬರುವುದಿಲ್ಲ.

ಎರಡನೆಯದು, ಅವರ ಜಾಗಕ್ಕೇ ಹೋಗುವುದು. ಕ್ಯಾರೆನ್ ಹೋಲ್ಟ್ಸ್‌ಬ್ಲಾಟ್ ಮತ್ತು ಹ್ಯೂ ಬೇಯರ್ ಎಂಬಿಬ್ಬರು 1998ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ಒಳ್ಳೆಯ ಮಾದರಿ ಕೊಟ್ಟರು. ಕಸುಬಿನ ಗುರುವಿನ ಪಕ್ಕದಲ್ಲಿ ಕೂತು ಕಲಿಯುವ ಶಿಷ್ಯನ ಹಾಗೆ ಸಂಶೋಧಕ ಇರಬೇಕು, ಬಳಕೆದಾರನೇ ಗುರು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಅಡುಗೆಭಟ್ಟರ ಹತ್ತಿರ "ಎಷ್ಟು ಉಪ್ಪು ಹಾಕ್ತೀರಿ?" ಎಂದರೆ "ಒಂದು ಅಂದಾಜು" ಅನ್ನುತ್ತಾರೆ. ಕೈ ನೋಡಿದರೆ ಮಾತ್ರ ಅಂದಾಜು ಎಷ್ಟೆಂದು ತಿಳಿಯುತ್ತದೆ. ಬಹಳ ದಿನ ಒಂದು ಕೆಲಸ ಮಾಡಿದವರಿಗೆ ತಾವೇನು ಮಾಡುತ್ತೇವೆಂಬುದು ಬಾಯಲ್ಲಿ ಬರುವುದಿಲ್ಲ, ಅದು ಕೈಗೆ ಇಳಿದಿರುತ್ತದೆ.

ಮೂರನೆಯದು ಸುಮ್ಮನಿರುವುದು. ಇದು ನಮ್ಮಂಥ ಎಂಜಿನಿಯರುಗಳಿಗೆ ಪ್ರಾಣಸಂಕಟ! ಎದುರಿಗೆ ಕೂತವರು ಮೇಲಿನ ಮೂಲೆಯ ಬಟನ್ ಬಿಟ್ಟು ಎಲ್ಲೆಲ್ಲೋ ಹುಡುಕುತ್ತಿದ್ದರೆ "ಅಲ್ಲೇ ಇದೆ ನೋಡಿ" ಎನ್ನಲು ನಾಲಿಗೆ ತುರಿಸುತ್ತದೆ. ಸಂಶೋಧಕಿ ಬಾಯಿ ಬಿಡುವುದಿಲ್ಲ. "ಈಗ ಏನು ಯೋಚನೆ ಮಾಡ್ತಿದ್ದೀರಿ, ಜೋರಾಗಿ ಹೇಳಿ" ಎಂದಷ್ಟೇ ಹೇಳುತ್ತಾರೆ. ಶುರುವಿನಲ್ಲೇ ಒಂದು ಮಾತು ತಪ್ಪದೆ ಹೇಳಿರುತ್ತಾರೆ: "ನಾವು ಪರೀಕ್ಷೆ ಮಾಡ್ತಿರೋದು ಸಾಫ್ಟ್‌ವೇರನ್ನು, ನಿಮ್ಮನ್ನಲ್ಲ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು." ಇಷ್ಟು ಹೇಳಿದರೂ, ಬಟನ್ ಸಿಗದಾಗ ಹತ್ತರಲ್ಲಿ ಎಂಟು ಜನ "ಸಾರಿ" ಅನ್ನುತ್ತಾರೆ. ನಾನು ಟಿಪ್ಪಣಿ ಪುಸ್ತಕದಲ್ಲಿ ಈ ಸಾರಿಗಳನ್ನು ಎಣಿಸುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಯಾವ ಪುಟದಲ್ಲಿ ಸಾರಿ ಹೆಚ್ಚೋ ಆ ಪುಟದಲ್ಲಿ ಡೊಂಕು ಹೆಚ್ಚು.

ಎಷ್ಟು ಜನರನ್ನು ನೋಡಬೇಕು? ನನ್ನಂಥವನಿಗೆ ಮೊದಲು ಬಂದ ಸಂಶಯ ಇದೇ. ಡೆನ್ಮಾರ್ಕ್ ಮೂಲದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಒಬ್ಬ ಬಳಕೆದಾರನಿಂದ ಸರಾಸರಿ ಶೇಕಡಾ 31ರಷ್ಟು ತೊಂದರೆಗಳು ಬೆಳಕಿಗೆ ಬಂದರೆ, ಐದು ಜನರಿಂದ ಸುಮಾರು ಶೇಕಡಾ 85. ಆರನೆಯವರಿಂದ ಹೊಸದಾಗಿ ಸಿಗುವುದು ಅಷ್ಟಕ್ಕಷ್ಟೆ. ಆದ್ದರಿಂದ ಹದಿನೈದು ಜನರನ್ನು ಒಂದೇ ಸಲ ನೋಡುವ ಬದಲು ಐದು ಜನರನ್ನು ನೋಡಿ, ತಿದ್ದಿ, ಮತ್ತೆ ಐದು ಜನರನ್ನು ನೋಡಿ ಎಂದರು ನೀಲ್ಸನ್. ಒಂದು ಎಚ್ಚರಿಕೆ ಮಾತ್ರ ಬೇಕು. ಈ ಐದರ ಲೆಕ್ಕ ಒಂದೇ ಬಗೆಯ ಜನರಿಗೆ ಸಂಬಂಧಪಟ್ಟದ್ದು. ಐದೂ ಜನ ನಮ್ಮ ಆಫೀಸಿನ ಪಕ್ಕದ ಕಾಫಿ ಅಂಗಡಿಯವರೇ ಆದರೆ, ಕಣ್ಣು ಮಂಜಾದವರ ಕಷ್ಟ, ಇಂಗ್ಲಿಷ್ ಬಾರದವರ ಕಷ್ಟ ನಮಗೆ ಎಂದೂ ತಿಳಿಯುವುದಿಲ್ಲ.

ಇನಿಷಿಯಲ್ಲಿನ ಪರದಾಟ

ಈ ಕೊನೆಯ ಮಾತು ನಮಗೆ ಚೆನ್ನಾಗಿ ಅರ್ಥವಾಗಬೇಕು. ಪರದೇಶಕ್ಕೆ ಬಂದ ಪ್ರತಿಯೊಬ್ಬ ಕನ್ನಡಿಗನೂ ಒಮ್ಮೆಯಾದರೂ "ಸರ್‌ನೇಮ್" ಎಂಬ ಖಾಲಿ ಚೌಕದ ಮುಂದೆ ಕೂತು ತಲೆ ಕೆರೆದುಕೊಂಡಿರುತ್ತಾನೆ. ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನ ಅಕ್ಷರ, ಕೊನೆಗೆ ನಮ್ಮ ಹೆಸರು. ಇದರಲ್ಲಿ ಸರ್‌ನೇಮ್ ಯಾವುದು ಸ್ವಾಮಿ? ಒಂದೇ ಅಕ್ಷರ ಹಾಕಿದರೆ "ಕನಿಷ್ಠ ಎರಡು ಅಕ್ಷರ ಇರಬೇಕು" ಅನ್ನುತ್ತದೆ. ಅಪ್ಪನ ಹೆಸರು ಹಾಕಿದರೆ ಡಾಕ್ಟರ ಶಾಪಿನಲ್ಲಿ ನಮ್ಮನ್ನು ಅಪ್ಪನ ಹೆಸರಿನಿಂದ ಕೂಗುತ್ತಾರೆ. ಗಂಡನದೊಂದು, ಹೆಂಡತಿಯದೊಂದು, ಮಕ್ಕಳದೊಂದು ಸರ್‌ನೇಮ್ ಆಗಿ ವಿಮಾನ ನಿಲ್ದಾಣದಲ್ಲಿ ವಿವರಣೆ ಕೊಡುವ ಪಾಡು ಎಷ್ಟು ಜನರಿಗಿಲ್ಲ!

ಆ ಚೌಕ ಬರೆದ ಎಂಜಿನಿಯರ್ ಕೆಟ್ಟವನಲ್ಲ. ಅವನ ಸುತ್ತ ಇದ್ದವರಿಗೆಲ್ಲ ಎರಡೇ ಹೆಸರು, ಅಷ್ಟೇ. ಈಗ ಪರಿಸ್ಥಿತಿ ಸ್ವಲ್ಪ ಬದಲಾಗುತ್ತಿದೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಜಗತ್ತಿನ ಹೆಸರುಗಳ ಬಗ್ಗೆ ಪ್ರಕಟಿಸಿದ ಲೇಖನದಲ್ಲಿ "ಕೊಗದ್ದು ಬೀರಪ್ಪ ತಿಮ್ಮಪ್ಪ ನಾಯರ್" ಎಂಬ ಉದಾಹರಣೆ ಕೊಟ್ಟು, ಊರು, ತಂದೆ, ಸ್ವಂತ ಹೆಸರು, ಕೊನೆಯ ಹೆಸರು ಎಂಬ ಕ್ರಮವನ್ನು ಬಿಡಿಸಿ ತೋರಿಸಿದ್ದಾರೆ. ಇಲ್ಲಿನ ಬ್ರಿಟಿಷ್ ಸರ್ಕಾರದ ವೆಬ್ ವಿನ್ಯಾಸದ ಮಾರ್ಗಸೂಚಿ, ಸಾಧ್ಯವಿದ್ದಲ್ಲೆಲ್ಲ ಪೂರ್ತಿ ಹೆಸರಿಗೆ ಒಂದೇ ಚೌಕ ಇಡಿ ಎನ್ನುತ್ತದೆ.

ಬಳಕೆದಾರ ಇರುವಲ್ಲಿಗೆ ಸಾಫ್ಟ್‌ವೇರೇ ಇಳಿದು ಬಂದ ಉದಾಹರಣೆ ನಮ್ಮ ಕನ್ನಡದಲ್ಲೂ ಇದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು "ಬರಹ" ತಂತ್ರಾಂಶ ಹೊರತಂದಾಗ, ನಮ್ಮಂಥ ಪರದೇಶಿ ಕನ್ನಡಿಗರಿಗೆ ಕನ್ನಡದ ಕೀಲಿಮಣೆ ಕಲಿಯುವ ಗೋಜೇ ಇರಲಿಲ್ಲ. ಕೈಗೆ ಒಗ್ಗಿದ ಇಂಗ್ಲಿಷ್ ಕೀಲಿಗಳಲ್ಲೇ ಉಚ್ಚಾರದಂತೆ ಒತ್ತಿದರೆ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2000ದ ದಶಕದ ಮಧ್ಯಭಾಗದಲ್ಲಿ, ಓದುಬರಹ ಬಾರದ ಮನೆಗೆಲಸದ ಮಹಿಳೆಯರಿಗಾಗಿ ಚಿತ್ರ ಮತ್ತು ಧ್ವನಿಯಿಂದಲೇ ನಡೆಯುವ, ಕೆಲಸ ಹುಡುಕುವ ವ್ಯವಸ್ಥೆಯೊಂದನ್ನು ಆ ಮಹಿಳೆಯರ ಜೊತೆಗೇ ಕೂತು ರೂಪಿಸಿದರು. ಅಲ್ಲಿ ಅವರು ಕಂಡ ತೊಡಕು ಅಕ್ಷರದ್ದಷ್ಟೇ ಆಗಿರಲಿಲ್ಲ. ಈ ಪೆಟ್ಟಿಗೆಗೂ ತನಗೆ ಸಿಗುವ ಕೆಲಸಕ್ಕೂ ಏನು ಸಂಬಂಧ ಎಂಬುದೇ ಆ ಹೆಂಗಸರಿಗೆ ಹೊಳೆಯುತ್ತಿರಲಿಲ್ಲ. ಅದನ್ನು ಕಥೆಯಂತೆ ತಿಳಿಸುವ ವೀಡಿಯೋ ಸೇರಿಸಿದ ಮೇಲೆ ಬಳಕೆ ಸುಲಭವಾಯಿತು. ಆಫೀಸಿನಲ್ಲಿ ಕೂತು ಇದನ್ನು ಯಾರು ಊಹಿಸಿಯಾರು?

ನೆಲ ಡೊಂಕು ಎಂದವರು ಜೈಲಿಗೆ ಹೋದ ಕಥೆ

ಇದೆಲ್ಲ ಬರೀ ಅನುಕೂಲದ ಮಾತಾಯಿತು, ಬಟನ್ ಸಿಗದಿದ್ದರೆ ಮುಳುಗಿಹೋಗುವುದೇನಿದೆ ಎನ್ನುತ್ತೀರಾ? ಹಾಗಾದರೆ ಈ ದೇಶದಲ್ಲಿ ನಡೆದದ್ದನ್ನು ಕೇಳಿ.

ಇಲ್ಲಿನ ಹಳ್ಳಿ, ಪೇಟೆಗಳಲ್ಲಿ ಅಂಗಡಿಯೊಳಗೇ ಅಂಚೆ ಕಚೇರಿ ನಡೆಸುವವರನ್ನು ನೀವು ನೋಡಿದ್ದೀರಿ. ಅವರು ಸಬ್‌ಪೋಸ್ಟ್‌ಮಾಸ್ಟರ್‌ಗಳು. ಭಾರತೀಯ ಮೂಲದವರೂ ಅವರಲ್ಲಿ ಅನೇಕರು. ಫುಜಿತ್ಸು ಕಂಪನಿಯ "ಹೊರೈಜನ್" ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ 1999ರಿಂದ ಈ ಕಚೇರಿಗಳಿಗೆ ಬಂತು. ಯೋಜನೆ ಶುರುವಾದಾಗ ಅದಕ್ಕೆ ಇಬ್ಬರು ಕ್ಲಯಂಟ್‌ಗಳು, ಪಿಂಚಣಿ ಮತ್ತು ಭತ್ಯೆ ಕೊಡುವ ಸರ್ಕಾರಿ ಇಲಾಖೆ ಒಂದು, ಅಂಚೆ ಕಚೇರಿ ಇನ್ನೊಂದು. 1999ರಲ್ಲಿ ಮೊದಲಿನವರು ಕೈಬಿಟ್ಟರು, ಸಾಫ್ಟ್‌ವೇರ್ ಮಾತ್ರ ಮುಂದುವರಿಯಿತು. ಅದನ್ನು ದಿನವೂ ಬಳಸಬೇಕಾದವರು ಈ ಸಬ್‌ಪೋಸ್ಟ್‌ಮಾಸ್ಟರ್‌ಗಳು. ಲೆಕ್ಕದಲ್ಲಿ ಕೊರತೆ ಬಂದರೆ ಕಟ್ಟಿಕೊಡಬೇಕಾದವರೂ ಅವರೇ.

ಕೊರತೆಗಳು ಬರತೊಡಗಿದವು. ಹ್ಯಾಂಪ್‌ಶೈರಿನ ಸೌತ್ ವಾರ್ನ್‌ಬರೋ ಎಂಬ ಹಳ್ಳಿಯ ಜೋ ಹ್ಯಾಮಿಲ್ಟನ್, ಸುಮಾರು 2000 ಪೌಂಡ್ ಕಡಿಮೆ ಬಂದಾಗ ಸಹಾಯವಾಣಿಗೆ ಫೋನ್ ಮಾಡಿ ಅವರು ಹೇಳಿದ ಹಾಗೆಯೇ ಬಟನ್ ಒತ್ತಿದರು. ನೋಡನೋಡುತ್ತಿದ್ದಂತೆ ಕೊರತೆ ಎರಡರಷ್ಟಾಯಿತು! ಹೀಗೆ ಫೋನ್ ಮಾಡಿದ ಅನೇಕರಿಗೆ ಸಿಕ್ಕ ಉತ್ತರ, "ಬೇರೆ ಯಾರಿಗೂ ಹೀಗಾಗಿಲ್ಲ, ನಿಮಗೊಬ್ಬರಿಗೇ" ಎಂದು. ಒಬ್ಬೊಬ್ಬರಿಗೂ ತಾನೊಬ್ಬನೇ ಅನ್ನಿಸುವಂತಾಯಿತು. ಕೆಲವರು ಮನೆ ಮಾರಿ ದುಡ್ಡು ಕಟ್ಟಿದರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಕಳವು, ಸುಳ್ಳು ಲೆಕ್ಕದ ಆರೋಪದ ಮೇಲೆ ಶಿಕ್ಷೆಯಾಯಿತು. ಸರೇ ಪ್ರಾಂತ್ಯದ ವೆಸ್ಟ್ ಬೈಫ್ಲೀಟಿನ ಸೀಮಾ ಮಿಶ್ರಾ 2010ರಲ್ಲಿ ಜೈಲಿಗೆ ಹೋದಾಗ ಗರ್ಭಿಣಿ.

ಎಂಜಿನಿಯರಾಗಿ ನನ್ನನ್ನು ಬಹಳ ಕಾಡುವುದು ಇದೇ ಸಾಫ್ಟ್‌ವೇರಿನ ಇನ್ನೊಂದು ದೋಷ. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್‌ನಲ್ಲಿ, 8000 ಪೌಂಡ್ ನಗದು ಬಂದದ್ದನ್ನು ದಾಖಲಿಸುವಾಗ ಪರದೆ ಅಲ್ಲಾಡದೆ ನಿಂತಿತು. ಎದುರಿಗೆ ಕೂತವರು ಎಂಟರ್ ಕೀಲಿಯನ್ನು ಮತ್ತೆ ಮತ್ತೆ ಒತ್ತಿದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನೂ ಅದನ್ನೇ ಮಾಡುತ್ತಿದ್ದೆ. ಪ್ರತಿ ಒತ್ತುವಿಕೆಗೂ ಒಳಗೆ ಒಂದೊಂದು 8000 ಜಮೆಯಾಗಿ, ಇಲ್ಲದ 24,000 ಪೌಂಡ್ ಲೆಕ್ಕದಲ್ಲಿ ಕಾಣಿಸಿಕೊಂಡಿತು. ಪರದೆ ನಿಂತರೆ ಮನುಷ್ಯ ಮತ್ತೆ ಒತ್ತುತ್ತಾನೆ. ಇದು ತಿಳಿಯಲು ಅಂಗಡಿಯ ಕೌಂಟರಿನ ಹಿಂದೆ ಒಂದು ಮಧ್ಯಾಹ್ನ ಕೂತಿದ್ದರೂ ಸಾಕು.

2019ರ ಡಿಸೆಂಬರಿನಲ್ಲಿ ಹೈಕೋರ್ಟು, ಆ ಹಳೆಯ ವ್ಯವಸ್ಥೆ ಸ್ವಲ್ಪವೂ ನಂಬಲರ್ಹವಾಗಿರಲಿಲ್ಲ ಎಂದು ತೀರ್ಪು ಕೊಟ್ಟಿತು. ಏಪ್ರಿಲ್ 2021ರಲ್ಲಿ ಹ್ಯಾಮಿಲ್ಟನ್, ಮಿಶ್ರಾ ಸೇರಿ 39 ಜನರ ಶಿಕ್ಷೆ ರದ್ದಾಯಿತು. 2024ರಲ್ಲಿ ಸಂಸತ್ತು ಕಾಯಿದೆ ಮಾಡಿ ಉಳಿದ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ಅಳಿಸಿಹಾಕಿತು. ಅಷ್ಟರಲ್ಲಿ ಅನೇಕರು ತೀರಿಕೊಂಡಿದ್ದರು. ಕನಿಷ್ಠ 13 ಮಂದಿ ಇದೇ ಕಾರಣಕ್ಕೆ ಪ್ರಾಣ ಕಳೆದುಕೊಂಡಿರಬಹುದು ಎಂದು ವಿಚಾರಣಾ ಆಯೋಗದ ವರದಿಯ ಮೊದಲ ಸಂಪುಟ ಜುಲೈ 2025ರಲ್ಲಿ ಹೇಳಿತು.

ಒಬ್ಬ ಸಂಶೋಧಕಿ ಇದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತು ಎಂದರೆ ಅತಿಯಾದೀತು. ಅಲ್ಲಿ ಕೋಡಿನ ದೋಷವಿತ್ತು, ಅದನ್ನು ಮುಚ್ಚಿಟ್ಟವರಿದ್ದರು, ಕಂಪ್ಯೂಟರ್ ಹೇಳಿದ್ದೇ ಸತ್ಯವೆಂದು ನಂಬಿದ ನ್ಯಾಯವ್ಯವಸ್ಥೆಯಿತ್ತು. ಆದರೆ ಸಂಶೋಧಕರ ಒಂದು ಸಾದಾ ಅಭ್ಯಾಸ ಅಲ್ಲಿ ಇರಲಿಲ್ಲ. ಬಳಕೆದಾರ ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದಾಗ, ಅವರು ಮೊದಲು ಹೋಗಿ ಯಂತ್ರವನ್ನು ನೋಡುತ್ತಾರೆ. ನೂರು ಕಚೇರಿಗಳಿಂದ ಒಂದೇ ದೂರು ಬಂದರೆ ಅವರಿಗೆ ಅದು ನೂರು ಕಳ್ಳರ ಸುದ್ದಿಯಲ್ಲ, ಒಂದು ಡೊಂಕಿನ ಸುದ್ದಿ.

ನಾವೇನು ಮಾಡಬಹುದು?

ಬ್ರಿಟಿಷ್ ಸರ್ಕಾರ 2011ರಲ್ಲಿ ತನ್ನ ವೆಬ್ ಸೇವೆಗಳಿಗಾಗಿಯೇ ಗವರ್ನಮೆಂಟ್ ಡಿಜಿಟಲ್ ಸರ್ವಿಸ್ ಎಂಬ ವಿಭಾಗ ತೆರೆಯಿತು. ಅವರ ವಿನ್ಯಾಸ ತತ್ವಗಳಲ್ಲಿ ಮೊದಲನೆಯದು ಬಳಕೆದಾರರ ಅಗತ್ಯದಿಂದ ಶುರುಮಾಡಿ ಎಂಬುದು. ತಂಡದ ಪ್ರತಿಯೊಬ್ಬರೂ, ಕೋಡ್ ಬರೆಯುವವರೂ ಸೇರಿ, ಆರು ವಾರಕ್ಕೊಮ್ಮೆ ಕನಿಷ್ಠ ಎರಡು ಗಂಟೆ ಬಳಕೆದಾರರನ್ನು ಕಣ್ಣಾರೆ ನೋಡಬೇಕೆಂದು ಅವರು ಸಲಹೆ ಮಾಡಿದರು. ನಮ್ಮ ಸಂಶೋಧಕಿಯೂ ಇದನ್ನೇ ಪಾಲಿಸುತ್ತಾರೆ, ಕ್ಲಯಂಟ್‌ನ ಮ್ಯಾನೇಜರನ್ನೂ ಕರೆತಂದು ಕೂರಿಸುತ್ತಾರೆ. ಎಂಬತ್ತು ಪುಟದ ವರದಿ ಓದಿ ಮನಸ್ಸು ಬದಲಾಯಿಸಿದ ಮ್ಯಾನೇಜರನ್ನು ನಾನು ಕಂಡಿಲ್ಲ. ತನ್ನ ಗ್ರಾಹಕಿಯೊಬ್ಬರು ಮೂರು ಸಲ "ಸಾರಿ" ಎಂದದ್ದನ್ನು ಕೇಳಿ ಕುರ್ಚಿಯಲ್ಲೇ ಕುಗ್ಗಿಹೋದವರನ್ನು ಕಂಡಿದ್ದೇನೆ.

ಐಟಿಯ ಬಂಧುಗಳೇ, ನಿಮ್ಮ ಕಂಪನಿಯಲ್ಲಿ ಸಂಶೋಧಕರು ಇಲ್ಲದಿದ್ದರೂ ಇಷ್ಟು ಮಾಡಬಹುದು. ನಿಮ್ಮ ಸಹಾಯವಾಣಿಯವರ ಪಕ್ಕದಲ್ಲಿ ಒಂದು ದಿನ ಕೂತು ಬನ್ನಿ. ಐಟಿಯಲ್ಲದ ಬಂಧುಗಳೇ, ಮುಂದಿನ ಸಲ ಯಾವುದೋ ಚೌಕ ನಿಮ್ಮ ಹೆಸರನ್ನು ಒಪ್ಪದಿದ್ದರೆ ಸುಮ್ಮನೆ ಹೆಸರು ಬದಲಾಯಿಸಿಕೊಳ್ಳಬೇಡಿ, ಎರಡು ಸಾಲು ದೂರು ಬರೆಯಿರಿ. ಸಂಶೋಧಕರು ಆ ಸಾಲುಗಳನ್ನು ನಿಜವಾಗಿಯೂ ಓದುತ್ತಾರೆ.

ಕೊನೆಗೆ ಒಂದು ಮನೆಯ ಮಾತು. ನಮ್ಮ ಸಂಘದ ದೀಪಾವಳಿ ಕಾರ್ಯಕ್ರಮದ ನೋಂದಣಿ ಫಾರಂ ಇದೆಯಲ್ಲ, ಅದು ಹೊರಗೆ ಹೋಗುವ ಮೊದಲು ಐದು ಜನರ ಮುಂದಿಟ್ಟು ನೋಡಲು ಸಮಿತಿಯವರು ಒಪ್ಪಿದ್ದಾರೆ. ಅರವತ್ತು ದಾಟಿದವರು ಇಬ್ಬರು, ಈ ವರ್ಷವಷ್ಟೇ ಇಲ್ಲಿಗೆ ಬಂದವರು ಇಬ್ಬರು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೇ ಕೈಯಲ್ಲಿ ಫೋನ್ ಒತ್ತುವವರು ಒಬ್ಬರು ಬೇಕು. ಅರ್ಧ ಗಂಟೆ ಸಾಕು, ಕಾಫಿ ಚಕ್ಕುಲಿ ನಮ್ಮ ಮನೆಯಲ್ಲಿ. ಬರಲು ಇಷ್ಟವಿರುವವರು ಸಮಿತಿಗೆ ತಿಳಿಸಿ. ಒಂದೇ ಷರತ್ತು, ಬಟನ್ ಸಿಗದಿದ್ದರೆ ಯಾರೂ "ಸಾರಿ" ಅನ್ನಕೂಡದು!